ಮದ್ದಿಗೆ ಮುಂಚಿನ ಪ್ರಶ್ನೆ

ಆತ್ಮವೃತ್ತಗಳನ್ನು ಓದುವುದರಲ್ಲಿ ಎರಡು ಬಗೆಗಳುಂಟು. ಬರೆದವರ ಕಷ್ಟವನ್ನು ಕಂಡು ಮರುಗಿ, ಕಣ್ಣೊರಸಿಕೊಂಡು, ಪುಸ್ತಕವನ್ನು ಕಪಾಟಿನಲ್ಲಿಟ್ಟು ಮರೆಯುವುದು ಒಂದು ಬಗೆ. ಆ ಕಷ್ಟವು ಯಾವ ಸ್ಥಳದಲ್ಲಿ, ಯಾವ ಏರ್ಪಾಡಿನ ಕುಂದಿನಿಂದ ಉಂಟಾಯಿತೆಂದು ವಿಚಾರಿಸಿ, ಅಂತಹ ಸ್ಥಳವು ತಮ್ಮೂರಿನಲ್ಲಿಯೂ ಇದೆಯೇ ಎಂದು ತಿರುಗಿ ನೋಡುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಓದಿದವರ ಮನಸ್ಸು ಹಗುರಾಗುತ್ತದೆ, ಎರಡನೆಯದರಲ್ಲಿ ಭಾರವಾಗುತ್ತದೆ. ವಿಮರ್ಶೆಯ ಕೆಲಸ ಈ ಎರಡನೆಯದು.

ಹುಟ್ಟಿದಾಗ ಗಂಡೆಂದು ಬರೆಸಲ್ಪಟ್ಟು ಹೆಣ್ಣಾಗಿ ಬಾಳುವವರು, ಹೆಣ್ಣೆಂದು ಬರೆಸಲ್ಪಟ್ಟು ಗಂಡಾಗಿ ಬಾಳುವವರು, ಎರಡಕ್ಕೂ ಸಲ್ಲದೆ ನಡುವೆ ಬಾಳುವವರು ನಮ್ಮ ನಾಡಿನಲ್ಲಿ ಹೊಸಬರಲ್ಲ. ಜೋಗಪ್ಪ, ಜೋಗತಿ, ಹಿಜ್ರಾ, ಮಂಗಳಮುಖಿ, ಲಿಂಗತ್ವ ಅಲ್ಪಸಂಖ್ಯಾತರು ಎಂದು ಅವರನ್ನು ಕರೆಯುವ ಹೆಸರುಗಳೇ ಹಲವು. ಆದರೆ ಅವರು ತಾವೇ ಮಾತನಾಡಿದ ಗ್ರಂಥಗಳು ಕನ್ನಡಕ್ಕೆ ಬಂದದ್ದು ಈ ಶತಮಾನದಲ್ಲಿ. ಲಿವಿಂಗ್ ಸ್ಮೈಲ್ ವಿದ್ಯಾ ತಮಿಳಿನಲ್ಲಿ ಬರೆದು ತಮಿಳ್‌ಸೆಲ್ವಿಯವರು ಕನ್ನಡಿಸಿದ ‘ನಾನು ಅವನಲ್ಲ ಅವಳು’, ಎ. ರೇವತಿಯವರ ಬಾಳಿನ ಕಥೆಯನ್ನು ದು. ಸರಸ್ವತಿಯವರು ಕನ್ನಡಕ್ಕೆ ತಂದ ‘ಬದುಕು ಬಯಲು’, ಮಂಜಮ್ಮ ಜೋಗತಿಯವರು ಹೇಳಿ ಅರುಣ್ ಜೋಳದಕೂಡ್ಲಿಗಿಯವರು ಬರೆದುಕೊಂಡ ‘ನಡುವೆ ಸುಳಿವ ಹೆಣ್ಣು’ ಇವು ಮೂರು ಮುಖ್ಯವಾದವು. ಮೊದಲನೆಯದನ್ನು ಆಧರಿಸಿ ಬಿ. ಎಸ್. ಲಿಂಗದೇವರು ಮಾಡಿದ ಚಲನಚಿತ್ರದ ಅಭಿನಯಕ್ಕಾಗಿ ಸಂಚಾರಿ ವಿಜಯ್ ಅವರಿಗೆ ೨೦೧೪ರ ಸಾಲಿನ ರಾಷ್ಟ್ರಪ್ರಶಸ್ತಿ ಸಂದಿತು. ಎರಡನೆಯದನ್ನು ಹೆಗ್ಗೋಡಿನ ಜನಮನದಾಟ ತಂಡದವರು ರಂಗಕ್ಕೆ ತಂದರು. ಮೂರನೆಯದರ ಕಥಾನಾಯಕಿ ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ೨೦೨೧ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದರು. ಆದ್ದರಿಂದ ಈ ಕೃತಿಗಳು ಓದುಗರ ಗಮನಕ್ಕೆ ಬಾರದೆ ಹೋದುವೆಂದು ಯಾರೂ ಹೇಳುವಂತಿಲ್ಲ.

ಆದರೆ ಗಮನ ಹರಿದದ್ದು ಎಲ್ಲಿಗೆ? ತಂದೆತಾಯಿಗಳು ಹೊರಗೆ ಹಾಕಿದ ಪ್ರಸಂಗ, ಭಿಕ್ಷೆಯ ಪ್ರಸಂಗ, ಪೋಲೀಸರ ಪ್ರಸಂಗ, ಇವನ್ನು ಕುರಿತು ಸಾಕಷ್ಟು ಮಾತಾಗಿದೆ. ಈ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಸ್ಥಳವಿದೆ. ಅದು ಆಸ್ಪತ್ರೆ. ವಿದ್ಯಾ ಅವರ ಕಥನವು ಆರಂಭವಾಗುವುದೇ ಅಲ್ಲಿಂದ. ಶಸ್ತ್ರಚಿಕಿತ್ಸೆಗಾಗಿ ರೈಲು ಹತ್ತಿ ದೂರದ ಊರಿಗೆ ಹೋಗುವ ಪ್ರಯಾಣದಿಂದ. ಮಂಜಮ್ಮನವರ ಕಥೆಯ ತಿರುವುಗಳಲ್ಲೊಂದು ವಿಷ ಕುಡಿದು ಉಳಿದುಕೊಂಡದ್ದು. ರೇವತಿಯವರ ಕಥೆಯಲ್ಲಿ ದೇಹದ ಬಾಧೆಯೂ ಅದಕ್ಕೆ ಮದ್ದು ಹುಡುಕುವ ಬಾಧೆಯೂ ಒಂದಕ್ಕೊಂದು ಹೆಣೆದುಕೊಂಡಿವೆ. ಈ ಸ್ಥಳವನ್ನು ಬಿಟ್ಟು ಓದಿದರೆ ಪುಸ್ತಕದ ನಡುಗಂಬವನ್ನೇ ಬಿಟ್ಟು ಓದಿದಂತಾಗುತ್ತದೆ.

ಮೊದಲು ಈ ಲೇಖಕಿಯರಿಗೆ ಸಲ್ಲಬೇಕಾದ ಪ್ರಶಂಸೆ ಸಲ್ಲಲಿ. ಶಸ್ತ್ರಚಿಕಿತ್ಸೆಯ ಅಧ್ಯಾಯಗಳಲ್ಲಿ ವಿದ್ಯಾ ಅವರ ಬರವಣಿಗೆ ಯಾವ ಅಲಂಕಾರವನ್ನೂ ಬೇಡುವುದಿಲ್ಲ. ನೋವು ಎಷ್ಟೆಂದು ಹೇಳುವುದಕ್ಕೆ ಉಪಮಾನಗಳನ್ನು ಹುಡುಕುವ ಬದಲು ಏನಾಯಿತೆಂಬುದನ್ನು ಕ್ರಮವಾಗಿ ಹೇಳುತ್ತಾರೆ. ಭಾಷಾವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಮಾತಿನ ತೂಕ ಗೊತ್ತು. ರೇವತಿಯವರಲ್ಲಿ ಕಾಣುವುದು ಇನ್ನೊಂದು ಗುಣ: ತಮ್ಮನ್ನು ನೋಯಿಸಿದವರನ್ನೂ ಅವರು ಮನುಷ್ಯರಾಗಿಯೇ ಚಿತ್ರಿಸುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೇಲೆ ನಲವತ್ತು ದಿನಗಳ ಪಥ್ಯ, ಸ್ನಾನ, ವಿಶ್ರಾಂತಿ, ಕಡೆಯ ದಿನದ ಸಂಭ್ರಮ, ಇವೆಲ್ಲವನ್ನೂ ಗುರುಮನೆಯವರು ನಡೆಸುವ ಕ್ರಮವು ಇಂತಹ ಕಥನಗಳಿಂದಲೇ ಹೊರಗಿನವರಿಗೆ ತಿಳಿದುಬಂದದ್ದು. ಬಾಣಂತಿಯ ಆರೈಕೆಯನ್ನು ಕಂಡ ನಮ್ಮ ಮನೆಗಳಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರದ ಏರ್ಪಾಡು ಬಾಗಿಲು ತೆರೆಯದ ಕಡೆ ಬಡವರು ತಮ್ಮೊಳಗೇ ಕಟ್ಟಿಕೊಂಡ ಶುಶ್ರೂಷಾಲಯ ಅದು.

ಇಷ್ಟು ಹೇಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಈ ಗ್ರಂಥಗಳಲ್ಲಿ ಆಸ್ಪತ್ರೆಯೆಂದರೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಆಸ್ಪತ್ರೆ. ಲೇಖಕಿಯರ ಬಾಳಿನಲ್ಲಿ ಅದು ಮರುಹುಟ್ಟಾದದ್ದರಿಂದ ಕಥನದಲ್ಲಿ ಅದಕ್ಕೆ ಹಿರಿಯ ಸ್ಥಾನ ದೊರೆತದ್ದು ಸಹಜವೇ. ಆದರೆ ಮನುಷ್ಯನಿಗೆ ಶಸ್ತ್ರಚಿಕಿತ್ಸೆ ಆಗುವುದು ಒಮ್ಮೆ. ಜ್ವರ ಬರುವುದು ನೂರು ಸಲ. ಹಲ್ಲುನೋವು, ಕೆಮ್ಮು, ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮುಪ್ಪಿನ ಮಂಡಿನೋವು ಇವು ಕಥೆಯ ಅಂಚಿಗೆ ಸರಿದುಹೋಗುತ್ತವೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರ ಅನುಭವವಂತೂ ಇಲ್ಲಿಯ ಯಾವ ಕಥನದ ಕೇಂದ್ರವೂ ಅಲ್ಲ. ಇದರಿಂದಾಗಿ ಓದುಗನ ಮನಸ್ಸಿನಲ್ಲಿ ಒಂದು ತಪ್ಪು ಭಾವನೆ ನೆಲೆಯೂರುತ್ತದೆ: ಇವರಿಗೆ ಆಸ್ಪತ್ರೆಯ ಕೊರತೆಯೆಂದರೆ ಆ ಒಂದು ಅಪರೂಪದ ಶಸ್ತ್ರಚಿಕಿತ್ಸೆಯ ಕೊರತೆ, ಅದು ದೊಡ್ಡ ಪಟ್ಟಣದ ವಿಷಯ, ನಮ್ಮ ತಾಲ್ಲೂಕಿಗೆ ಸಂಬಂಧಿಸಿದ್ದಲ್ಲ. ಈ ತಪ್ಪಿಗೆ ಲೇಖಕಿಯರಿಗಿಂತ ಓದುಗರೇ ಹೆಚ್ಚು ಹೊಣೆಗಾರರು. ಅವರ ದೇಹದ ವಿಷಯದಲ್ಲಿ ಓದುಗರಿಗಿರುವ ಕುತೂಹಲ ಅವರ ಜ್ವರದ ವಿಷಯದಲ್ಲಿ ಇಲ್ಲ.

ಶಿಕಾರಿಪುರ ಅಥವಾ ಸೊರಬದ ಯಾವುದಾದರೊಂದು ಹಳ್ಳಿಯಿಂದ ಇಂತಹ ರೋಗಿಯೊಬ್ಬರು ಜ್ವರವೆಂದು ಹೊರಟರೆ ಆ ಹಾದಿಯಲ್ಲಿ ಏನೇನು ಬರಬಹುದೆಂಬುದನ್ನು ಕ್ರಮವಾಗಿ ಯೋಚಿಸಿ ನೋಡಬೇಕು. ಇಲ್ಲಿ ಹೇಳುವುದು ಒಂದು ಆಸ್ಪತ್ರೆಯ ಮೇಲಿನ ದೂರಲ್ಲ; ದೇಶದಲ್ಲೆಲ್ಲ ಕಂಡುಬಂದಿರುವ ತೊಡಕುಗಳ ಸ್ವರೂಪ. ಮೊದಲನೆಯ ತೊಡಕು ಚೀಟಿ ಮಾಡಿಸುವ ಕಿಟಕಿಯಲ್ಲಿದೆ. ಗುರುತಿನ ಕಾರ್ಡಿನಲ್ಲಿ ಒಂದು ಹೆಸರು, ಎದುರು ನಿಂತವರ ಮುಖದಲ್ಲಿ ಇನ್ನೊಂದು. ಗಂಡೋ ಹೆಣ್ಣೋ ಎಂದು ಕಿಟಕಿಯಾಚೆಯಿಂದ ಕೇಳಿದ ಪ್ರಶ್ನೆ ಹಿಂದೆ ನಿಂತ ನಲವತ್ತು ಜನರಿಗೂ ಕೇಳಿಸುತ್ತದೆ. ಊರು ಚಿಕ್ಕದು, ಸಾಲಿನಲ್ಲಿ ನಿಂತವರಲ್ಲಿ ಅರ್ಧ ಮಂದಿ ಪರಿಚಿತರು. ಜ್ವರವನ್ನು ಹೊತ್ತು ಬಂದವರು ನಾಚಿಕೆಯನ್ನೂ ಹೊತ್ತು ಹಿಂದಿರುಗುತ್ತಾರೆ.

ಎರಡನೆಯ ತೊಡಕು ಯಾವ ಸಾಲಿನಲ್ಲಿ ನಿಲ್ಲಬೇಕು, ಒಳರೋಗಿಯಾದರೆ ಯಾವ ವಾರ್ಡಿನಲ್ಲಿ ಮಲಗಬೇಕು, ಯಾವ ಶೌಚಾಲಯಕ್ಕೆ ಹೋಗಬೇಕು ಎಂಬುದು. ಸೀರೆಯುಟ್ಟವರನ್ನು ಗಂಡಸರ ವಾರ್ಡಿನಲ್ಲಿ ಮಲಗಿಸಿದರೆ ರಾತ್ರಿ ನಿದ್ದೆ ಬಾರದು. ಹೆಂಗಸರ ವಾರ್ಡಿನಲ್ಲಿ ಮಲಗಿಸಿದರೆ ಪಕ್ಕದ ಹಾಸಿಗೆಯವರು ಎದ್ದು ಕೂಗಾಡುವ ಭಯ. ಮೂರನೆಯದು ಸಂಬಂಧಿಕರ ಸಹಿ. ಶಸ್ತ್ರಕ್ರಿಯೆಗೆ ಮುನ್ನ, ಅಪಾಯದ ಚಿಕಿತ್ಸೆಗೆ ಮುನ್ನ, ರಕ್ತಸಂಬಂಧಿಯೊಬ್ಬರ ಒಪ್ಪಿಗೆಯನ್ನು ಆಸ್ಪತ್ರೆಗಳು ಕೇಳುವುದು ವಾಡಿಕೆ. ಮನೆಯಿಂದ ಹೊರಗಾದವರಿಗೆ ರಕ್ತಸಂಬಂಧಿ ಎಲ್ಲಿಂದ ಬರಬೇಕು? ಗುರುವೇ ತಾಯಿ, ಚೇಲಾಗಳೇ ಮಕ್ಕಳು ಎಂದು ಬಾಳಿದವರ ಆ ನಂಟನ್ನು ಕಾಗದವು ಕಾಣುವುದಿಲ್ಲ. ನಾಲ್ಕನೆಯದು ದೂರ. ಅಂತಃಸ್ರಾವ ಗ್ರಂಥಿಗಳ ತಜ್ಞರು, ಮೂತ್ರಾಂಗದ ಶಸ್ತ್ರವೈದ್ಯರು ಇರುವುದು ದೊಡ್ಡ ಆಸ್ಪತ್ರೆಗಳಲ್ಲಿ. ಜಿಲ್ಲಾ ಕೇಂದ್ರವಾದ ಶಿವಮೊಗ್ಗವೇ ಶಿಕಾರಿಪುರದಿಂದ ಐವತ್ತು ಕಿಲೋಮೀಟರಿಗೆ ಕಡಮೆಯಿಲ್ಲ, ಸೊರಬದಿಂದ ಇನ್ನೂ ದೂರ. ದಿನದ ಸಂಪಾದನೆಯಿಂದ ಬಾಳುವವರಿಗೆ ಆ ಪ್ರಯಾಣವು ಒಂದು ದಿನದ ಊಟದ ನಷ್ಟ.

ಹೀಗೆ ಬಾಗಿಲಿನಿಂದ ಹಿಂದಿರುಗಿದವರು ಮದ್ದನ್ನು ಬಿಟ್ಟುಬಿಡುವುದಿಲ್ಲ. ಬೇರೆ ಕಡೆ ಹುಡುಕುತ್ತಾರೆ. ವೈದ್ಯರ ಸಲಹೆಯಿಲ್ಲದೆ ಗರ್ಭನಿರೋಧಕ ಮಾತ್ರೆಗಳನ್ನು ಅಂಗಡಿಯಲ್ಲಿ ಕೊಂಡು ಹೆಣ್ತನದ ರಸವೆಂದು ನುಂಗುವವರುಂಟು. ಅದರಿಂದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಅರೆಬರೆ ಕಲಿತವರ ಕೈಯಲ್ಲಿ ಶಸ್ತ್ರಕ್ರಿಯೆಯಾದರೆ ಮೂತ್ರದ ದಾರಿ ಕಿರಿದಾಗಿ ವರ್ಷಗಟ್ಟಲೆ ನರಳುವುದುಂಟು. ಈ ಬಾಧೆಗಳನ್ನು ಕಂಡು, ಇವರು ತಮ್ಮ ಕೈಯಾರೆ ಕೆಡಿಸಿಕೊಂಡರೆನ್ನುವವರು ಮೊದಲು ಬಾಗಿಲು ಮುಚ್ಚಿದವರಾರೆಂದು ಕೇಳಿಕೊಳ್ಳಬೇಕು.

ಇಲ್ಲಿ ವೈದ್ಯರ ಪರವಾಗಿಯೂ ಒಂದು ಮಾತುಂಟು; ಅದನ್ನು ಮುಚ್ಚಿಟ್ಟರೆ ವಿಮರ್ಶೆ ಏಕಪಕ್ಷೀಯವಾದೀತು. ರೋಗಿಯ ದೇಹದ ವಿಷಯವನ್ನು ವೈದ್ಯರು ಕೇಳಲೇಬಾರದೇ? ಕೇಳಬೇಕಾದ ಸಂದರ್ಭಗಳಿವೆ. ರಕ್ತದಲ್ಲಿ ಹಿಮೋಗ್ಲೋಬಿನ್ ಇಷ್ಟಿರಬೇಕೆಂಬ ಅಳತೆ ಗಂಡಿಗೊಂದು, ಹೆಣ್ಣಿಗೊಂದು. ಅಂತಃಸ್ರಾವದ ಔಷಧ ತೆಗೆದುಕೊಳ್ಳುವವರಿಗೆ ಯಾವ ಅಳತೆಯನ್ನು ಹಿಡಿಯಬೇಕೆಂದು ತಿಳಿಯಲು ವಿಚಾರಿಸಲೇಬೇಕು. ಹೆಣ್ಣಾಗಿ ಬಾಳುವವರಿಗೆ ಶಸ್ತ್ರಚಿಕಿತ್ಸೆಯಾದ ಮೇಲೂ ಪ್ರಾಸ್ಟೇಟ್ ಗ್ರಂಥಿ ಉಳಿದಿರುತ್ತದೆ. ಗಂಡಾಗಿ ಬಾಳುವವರಿಗೆ ಗರ್ಭಕೋಶವಿರಬಹುದು. ಮುಪ್ಪಿನಲ್ಲಿ ಅಲ್ಲಿ ರೋಗ ಕಾಣಿಸಿದರೆ ಇದನ್ನರಿಯದ ವೈದ್ಯರು ಎಡವುತ್ತಾರೆ. ಆದ್ದರಿಂದ ಪ್ರಶ್ನೆ ಇರಲಿ. ಅದಕ್ಕೊಂದು ಕಾರಣವಿರಲಿ, ಆ ಕಾರಣವನ್ನು ರೋಗಿಗೆ ತಿಳಿಸಲಿ, ಬಾಗಿಲು ಮುಚ್ಚಿ ಕೇಳಲಿ. ಮದ್ದಿಗೆ ಬೇಕಾದ ಪ್ರಶ್ನೆ ಬೇರೆ. ಮದ್ದಿಗೆ ಮುಂಚೆ, ಬರಿಯ ಕುತೂಹಲದಿಂದ, ಗಂಟಲುನೋವಿಗೆ ಬಂದವರ ಸೆರಗಿನ ಕಡೆ ನೋಡಿ ಕೇಳುವ ಪ್ರಶ್ನೆ ಬೇರೆ. ಮೊದಲನೆಯದು ವೈದ್ಯವೃತ್ತಿ, ಎರಡನೆಯದು ಜಾತ್ರೆಯ ನೋಟ.

ಈ ಜಾತ್ರೆಯ ನೋಟಕ್ಕೆ ಪಠ್ಯಗ್ರಂಥಗಳ ಆಶ್ರಯವೂ ಬಹುಕಾಲ ದೊರೆತಿತ್ತು. ಇಂತಹವರ ಸ್ವಭಾವವನ್ನು ಮಾನಸಿಕ ರೋಗಗಳ ಪಟ್ಟಿಯಲ್ಲಿಟ್ಟಿದ್ದ ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿ ೨೦೨೨ರಿಂದ ಜಾರಿಗೆ ತಂದ ಹೊಸ ರೋಗವರ್ಗೀಕರಣದಲ್ಲಿ ಅದನ್ನು ಅಲ್ಲಿಂದ ತೆಗೆದು ಬೇರೆಡೆಗೆ ಸೇರಿಸಿತು. ೨೦೨೧ರಲ್ಲಿ ಮದ್ರಾಸು ಉಚ್ಚ ನ್ಯಾಯಾಲಯದ ಒಂದು ಪ್ರಕರಣವಾದ ಮೇಲೆ, ವೈದ್ಯಕೀಯ ಪಠ್ಯಗಳಲ್ಲಿ ಇವರನ್ನು ಹೀಗಳೆಯುವ ಮಾತುಗಳಿರಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಕಾಲೇಜುಗಳಿಗೂ ಗ್ರಂಥಕರ್ತರಿಗೂ ತಿಳಿಸಿತು. ಆದರೆ ಹಳೆಯ ಪುಸ್ತಕ ಓದಿದವರೇ ಇಂದಿಗೂ ಬಹುಮಂದಿ ರೋಗಿಗಳನ್ನು ನೋಡುತ್ತಿರುವರು. ಪುಸ್ತಕ ಬದಲಾದೊಡನೆ ದೃಷ್ಟಿ ಬದಲಾಗುವುದಿಲ್ಲ.

ಶಾಸನಗಳ ಚರಿತ್ರೆಯನ್ನು ಈ ಆತ್ಮವೃತ್ತಗಳ ಪಕ್ಕದಲ್ಲಿಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಸರ್ಕಾರವು ಇವರ ಹೆಸರನ್ನು ಮೊದಲು ಬರೆದುಕೊಂಡದ್ದು ಮದ್ದು ಕೊಡುವುದಕ್ಕಲ್ಲ. ೧೮೭೧ರ ಬ್ರಿಟಿಷ್ ಶಾಸನವು ಅಪರಾಧಿ ಬುಡಕಟ್ಟುಗಳೊಡನೆ ಇವರನ್ನೂ ಸೇರಿಸಿ ಪೋಲೀಸು ದಫ್ತರದಲ್ಲಿ ಹೆಸರು ಬರೆಯುವ ಕಟ್ಟಳೆಯನ್ನು ಮಾಡಿತು. ಅದಾಗಿ ನೂರನಲವತ್ತು ವರ್ಷಗಳ ಮೇಲೆ, ೨೦೧೧ರಲ್ಲಿ, ಕರ್ನಾಟಕ ಪೋಲೀಸು ಕಾಯಿದೆಗೆ ಸೇರಿಸಿದ ೩೬ಎ ಎಂಬ ಕಲಮಿನಲ್ಲಿಯೂ ಅದೇ ದಫ್ತರದ ಮಾತು ಮರಳಿ ಬಂತು. ನ್ಯಾಯಾಲಯದಲ್ಲಿ ಪ್ರಶ್ನಿಸಿದ ಮೇಲೆ ೨೦೧೬ರಲ್ಲಿ ಆ ಕಲಮಿನ ಮಾತನ್ನು ತಿದ್ದಿದರು. ಅದೇ ೨೦೧೧ರ ಜನಗಣತಿಯಲ್ಲಿ ಗಂಡು, ಹೆಣ್ಣು ಅಲ್ಲದೆ ‘ಇತರೆ’ ಎಂಬ ಅಂಕಣ ಮೊದಲ ಸಲ ಬಂದು, ಕರ್ನಾಟಕದಲ್ಲಿ ೨೦,೨೬೬ ಮಂದಿ ಅದರಲ್ಲಿ ಎಣಿಕೆಯಾದರು. ಹೀಗೆ ಒಂದು ಕೈ ಎಣಿಸುತ್ತಿರುವಾಗ ಇನ್ನೊಂದು ಕೈ ಕಾವಲಿನ ದಫ್ತರ ತೆರೆಯುತ್ತಿತ್ತು. ಹೆಸರು ಬರೆಸುವುದೆಂದರೆ ಸಿಕ್ಕಿಬೀಳುವುದೆಂಬ ಭಯ ಚೀಟಿಯ ಕಿಟಕಿಯ ಮುಂದೆಯೂ ಬೆನ್ನುಹತ್ತಿ ಬಂದರೆ ಆಶ್ಚರ್ಯವಿಲ್ಲ.

೨೦೧೪ನೆಯ ಏಪ್ರಿಲ್ ೧೫ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪು ಈ ಭಯಕ್ಕೆ ಎದುರಾಗಿ ನಿಂತ ಮೊದಲನೆಯ ದೊಡ್ಡ ಮಾತು. ತಾವು ಗಂಡೋ ಹೆಣ್ಣೋ ತೃತೀಯರೋ ಎಂಬುದನ್ನು ತಾವೇ ನಿರ್ಣಯಿಸಿಕೊಳ್ಳುವ ಹಕ್ಕನ್ನು ಅದು ಎತ್ತಿಹಿಡಿದು, ಆಸ್ಪತ್ರೆಗಳಲ್ಲಿ ತಕ್ಕ ಚಿಕಿತ್ಸೆಯನ್ನು ಒದಗಿಸಬೇಕೆಂದು ಸರ್ಕಾರಗಳಿಗೆ ವಿಧಿಸಿತು. ೨೦೧೭ರಲ್ಲಿ ಕರ್ನಾಟಕ ಸರ್ಕಾರವು ತನ್ನದೊಂದು ನೀತಿಯನ್ನು ಒಪ್ಪಿತು. ೨೦೧೯ರಲ್ಲಿ ಸಂಸತ್ತು ಒಂದು ಶಾಸನವನ್ನು ಮಾಡಿತು. ಅದು ೨೦೨೦ನೆಯ ಜನವರಿಯಲ್ಲಿ ಜಾರಿಗೆ ಬಂತು. ೨೦೨೨ರಲ್ಲಿ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಇವರಿಗಾಗಿ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಏರ್ಪಾಡನ್ನು ಸಾರಿದರು.

ಆ ಶಾಸನದ ಆರೋಗ್ಯದ ಕಲಮನ್ನು, ಅಂದರೆ ಹದಿನೈದನೆಯದನ್ನು, ಸಾಹಿತ್ಯವನ್ನು ಓದುವ ಕಣ್ಣಿನಿಂದ ಓದಿ ನೋಡಬೇಕು. ಅದು ಮೊದಲು ಹೇಳುವುದು ಎಚ್‌ಐವಿ ಪರೀಕ್ಷೆಯ ಪ್ರತ್ಯೇಕ ಕೇಂದ್ರಗಳನ್ನು. ಆಮೇಲೆ ಶಸ್ತ್ರಚಿಕಿತ್ಸೆ, ಅಂತಃಸ್ರಾವದ ಚಿಕಿತ್ಸೆ, ಸಲಹೆ. ಬಳಿಕ ಕೈಪಿಡಿ, ಪಠ್ಯಕ್ರಮ. ಆಸ್ಪತ್ರೆಗಳಿಗೆ ಸರಾಗವಾಗಿ ಹೋಗಿಬರುವ ಅನುಕೂಲದ ಮಾತು ಕೊನೆಕೊನೆಗೆ. ಒಂದೊಂದೂ ಬೇಕಾದದ್ದೇ. ಆದರೆ ಆತ್ಮವೃತ್ತದ ಓದುಗ ಎಲ್ಲಿ ಕಣ್ಣಿಟ್ಟನೋ ಶಾಸನವನ್ನು ಬರೆದವರೂ ಅಲ್ಲೇ ಕಣ್ಣಿಟ್ಟರು. ಇವರ ದೇಹದಲ್ಲಿ ಅಂಟುರೋಗದ ಶಂಕೆಯನ್ನು ಕಂಡರು, ಶಸ್ತ್ರದ ಗುರುತನ್ನು ಕಂಡರು. ನೆಗಡಿಯಾಗುವ ಮೂಗು ಇದೆಯೆಂಬುದು ಆಮೇಲೆ ನೆನಪಾಯಿತು. ಸಾಹಿತ್ಯದ ಕುರುಡೂ ರಾಜ್ಯದ ಕುರುಡೂ ಒಂದೇ ಆಗಿರುವುದು ಈ ವಿಷಯದಲ್ಲಿ ಸ್ಪಷ್ಟವಾಗಿದೆ.

ಬೇರೆ ಬಗೆಯಲ್ಲಿ ನೋಡುವುದು ಸಾಧ್ಯವಿತ್ತೇ ಎಂದು ಕೇಳಿದರೆ, ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು ಕುರಿತು ೧೧೬೨ನೆಯ ಇಸವಿಯ ಶಿಲಾಶಾಸನವೊಂದಿದೆ. ಕಳಚುರಿ ಬಿಜ್ಜಳನ ಕಾಲದ್ದು, ಬಿ. ಎಲ್. ರೈಸರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅಚ್ಚಾಗಿದೆ. ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯನಾಟಕಗಳನ್ನು ಓದಿಸುವ ಸ್ಥಾನವೆಂದು ಆ ಮಠವನ್ನು ಹೊಗಳಿದ ಕವಿ ಅಲ್ಲಿಗೇ ನಿಲ್ಲುವುದಿಲ್ಲ. ಅಲ್ಲಿ ಉಣ್ಣಲು ಬರುವವರ ಒಂದು ಪಟ್ಟಿಯನ್ನೇ ಕೊಡುತ್ತಾನೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಬಟ್ಟೆಯಿಲ್ಲದವರು, ಗಾಯಗೊಂಡವರು, ಬೇರೆ ಬೇರೆ ಮತದ ಸಂನ್ಯಾಸಿಗಳು, ನಾನಾ ದೇಶದ ಭಿಕ್ಷುಕರು, ಹೀಗೆ ಪಟ್ಟಿ ಬೆಳೆಯುತ್ತದೆ. ಅದರ ಬೆನ್ನಲ್ಲೇ, ನಾನಾ ಅನಾಥ ರೋಗಿಗಳಿಗೆ ಅಲ್ಲಿ ಮದ್ದು ದೊರೆಯುತ್ತಿತ್ತೆಂದೂ, ಸಕಲ ಜೀವಿಗಳಿಗೂ ಅದು ಅಭಯದ ತಾಣವಾಗಿತ್ತೆಂದೂ ಹೇಳುತ್ತಾನೆ.

ಈ ಪಟ್ಟಿಯಲ್ಲಿ ತೃತೀಯ ಪ್ರಕೃತಿಯವರ ಹೆಸರಿದೆಯೆಂದು ಹೇಳಿದರೆ ಅದು ಶಾಸನಕ್ಕೆ ಮಾಡಿದ ಅಪಚಾರವಾದೀತು. ಆ ಹೆಸರು ಅಲ್ಲಿಲ್ಲ. ಹೊಗಳಿಕೆಯ ಶಾಸನದ ಪ್ರತಿಯೊಂದು ಮಾತೂ ನಿತ್ಯದ ಆಚರಣೆಯಾಗಿತ್ತೆಂದು ನಂಬುವುದೂ ಭೋಳೆತನವೇ. ಆದರೂ ಆ ಪಟ್ಟಿಯ ಬುದ್ಧಿಯನ್ನು ಗಮನಿಸಬೇಕು. ಅದು ಜನರನ್ನು ವಿಂಗಡಿಸುವುದು ಅವರ ಕೊರತೆಯಿಂದ, ಕಸುಬಿನಿಂದ, ವ್ರತದಿಂದ, ಅವರಿಗೇನು ಬೇಕೆಂಬುದರಿಂದ. ಇಷ್ಟು ಜನವೆಂದು ಮುಗಿಸಿ ಬಾಗಿಲು ಹಾಕುವ ಪಟ್ಟಿಯಲ್ಲ ಅದು. ಇನ್ನೂ ಯಾರಾದರೂ ಬಿಟ್ಟುಹೋದರೇ ಎಂದು ಹುಡುಕುತ್ತ ಬೆಳೆಯುವ ಪಟ್ಟಿ. ಮದ್ದಿನ ಮಾತಿನ ಜೊತೆಯಲ್ಲೇ ಅಭಯದ ಮಾತು ಬಂದಿರುವುದೂ ಆಕಸ್ಮಿಕವಾಗಿ ತೋರುವುದಿಲ್ಲ. ಹೆದರಿಕೊಂಡು ಬಂದವರಿಗೆ ಮೊದಲು ಹೆದರಿಕೆ ಹೋಗಬೇಕು. ಆಮೇಲೆ ಮದ್ದು ಹತ್ತುತ್ತದೆ. ಇಂದಿನ ಆಸ್ಪತ್ರೆಯಲ್ಲಿ ಮದ್ದು ಅಂದಿಗಿಂತ ಸಾವಿರ ಪಾಲು ಮೇಲಾಗಿದೆ. ಅಭಯ ಮಾತ್ರ ದಾಸ್ತಾನಿನಲ್ಲಿ ಕಡಮೆ.

ಅದೇ ಬಳ್ಳಿಗಾವಿಯು ಅಲ್ಲಮಪ್ರಭುವಿನ ಊರೆಂದು ಪರಂಪರೆ ಹೇಳುತ್ತದೆ. ಅದರ ಸಮೀಪದ ಉಡುತಡಿ ಅಕ್ಕಮಹಾದೇವಿಯ ಊರು. ಶೂನ್ಯಸಂಪಾದನೆಯಲ್ಲಿ ಇವರಿಬ್ಬರೂ ಕಲ್ಯಾಣದಲ್ಲಿ ಸಂಧಿಸುವ ಪ್ರಸಂಗವನ್ನು ಓದದ ಕನ್ನಡಿಗರು ವಿರಳ. ಉಟ್ಟುದನ್ನು ಬಿಟ್ಟು ಬಂದ ಹೆಣ್ಣನ್ನು ಸಭೆಯೊಳಗೆ ಸೇರಿಸುವ ಮುನ್ನ ಅಲ್ಲಮನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾನೆ. ಗಂಡನಾರೆಂದು ಕೇಳುತ್ತಾನೆ, ಮೈಯ ಮೇಲೆ ಹರಡಿದ ಕೂದಲಿನ ವಿಷಯವನ್ನೂ ಕೇಳದೆ ಬಿಡುವುದಿಲ್ಲ. ಇಲ್ಲಿಯೂ ಒಳಗೆ ಬಿಡುವುದಕ್ಕೆ ಮುಂಚಿನ ಪ್ರಶ್ನೆಯೇ. ಆದರೆ ಅಲ್ಲಮನು ಕೇಳಿದ್ದು ಆಕೆಯ ಅನುಭವದ ಆಳ ಸಭೆಗೆ ತಿಳಿಯಲೆಂದು. ಉತ್ತರ ಬಂದ ಮೇಲೆ ಆತನೇ ಆಕೆಗೆ ತಲೆಬಾಗುತ್ತಾನೆ. ಕೇಳುವ ಹಕ್ಕು ಅವನಿಗೆ ಬಂದದ್ದು ಹೀಗೆ ತಲೆಬಾಗುವ ಸಿದ್ಧತೆಯಿಂದ. ‘ಬದುಕು ಬಯಲು’ ಎಂಬ ಹೆಸರಿನಲ್ಲಿರುವ ಬಯಲು ಅಲ್ಲಮನ ನುಡಿಯಿಂದ ಕನ್ನಡಕ್ಕೆ ಹಿರಿಮೆ ಪಡೆದ ಮಾತು. ‘ನಡುವೆ ಸುಳಿವ ಹೆಣ್ಣು’ ಎಂಬುದು ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವನ್ನು ನೆನಪಿಗೆ ತರುತ್ತದೆ. ತಮ್ಮ ಬಾಳಿಗೆ ಹೆಸರಿಡುವಾಗ ಈ ಪುಸ್ತಕಗಳು ವಚನಕಾರರ ಮನೆಯ ಬಾಗಿಲನ್ನು ತಟ್ಟಿದ್ದು ಯೋಗ್ಯವಾಗಿದೆ. ಆ ಬಾಗಿಲು ತೆರೆದೇ ಇತ್ತು.

ಬಾಗಿಲು ತೆರೆದಿರುವ ಇನ್ನೊಂದು ಮನೆ ನಮ್ಮ ವ್ಯಾಕರಣದ್ದು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪದಗಳಿಗೆ ಒಂಬತ್ತು ಬಗೆಯ ಲಿಂಗವನ್ನು ಹೇಳಿದನು. ಅದು ಪದಗಳ ಮಾತು, ಮನುಷ್ಯರ ಮಾತಲ್ಲ, ನಿಜ. ಆದರೆ ಎರಡರಲ್ಲಿ ಅಡಗದುದನ್ನು ಒಂಬತ್ತಾಗಿ ಹರಡಿ ಸ್ಥಳ ಕೊಡುವ ತಾಳ್ಮೆ ಶಾಸ್ತ್ರಕಾರನಿಗಿತ್ತು. ಅದೇ ‘ಒಂಬತ್ತು’ ಎಂಬ ಮಾತು ಇಂದು ಬೀದಿಯಲ್ಲಿ ಇವರನ್ನು ಕಂಡಾಗ ಎಸೆಯುವ ಬೈಗುಳವಾಗಿದೆ. ಶಾಸ್ತ್ರದ ಎಣಿಕೆ ಬೀದಿಯ ಕಲ್ಲಾದ ಈ ಬಗೆಯನ್ನು ಯೋಚಿಸಿದರೆ ಭಾಷೆ ತಾನಾಗಿ ಕೆಡುವುದಿಲ್ಲ, ಆಡುವವರಿಂದ ಕೆಡುತ್ತದೆ ಎಂಬುದು ಮನಸ್ಸಿಗೆ ಬರುತ್ತದೆ.

ಕೆಟ್ಟದ್ದನ್ನು ತಿದ್ದುವ ಉಪಾಯವೂ ಭಾಷೆಯಲ್ಲೇ ಇದೆ. ಕನ್ನಡದಲ್ಲಿ ‘ಅವನು’, ‘ಅವಳು’ ಎಂದಾಗ ಗಂಡುಹೆಣ್ಣಿನ ನಿರ್ಣಯ ಆಗಲೇಬೇಕು; ‘ಬಂದನು’, ‘ಬಂದಳು’ ಎಂದು ಕ್ರಿಯಾಪದವೂ ಅದನ್ನು ಸಾರುತ್ತದೆ. ಆದರೆ ಗೌರವದಿಂದ ‘ಅವರು ಬಂದರು’ ಎಂದೊಡನೆ ಆ ನಿರ್ಣಯವೇ ಬೇಕಾಗುವುದಿಲ್ಲ. ‘ತಾವು ಕುಳಿತುಕೊಳ್ಳಿ, ಏನು ತೊಂದರೆ?’ ಎಂದು ಕೇಳುವುದಕ್ಕೆ ಎದುರಿಗಿರುವವರ ದೇಹದ ಗುಟ್ಟನ್ನು ಅರಿಯಬೇಕಾಗಿಲ್ಲ. ಹಿಂದೀ ಮಾತನಾಡುವವರಿಗೆ ಬಹುವಚನದಲ್ಲಿಯೂ ಈ ಅನುಕೂಲವಿಲ್ಲ. ಅಲ್ಲಿ ಗೌರವದ ಕ್ರಿಯಾಪದವೂ ಗಂಡುಹೆಣ್ಣೆಂದು ಬೇರಾಗುತ್ತದೆ. ನಮ್ಮ ಹಿರಿಯರು ಮರ್ಯಾದೆಗೆಂದು ಕಟ್ಟಿದ ಬಹುವಚನವು ಈ ಕಾಲದ ಒಂದು ಕಗ್ಗಂಟಿಗೆ ತಾನಾಗಿಯೇ ಕೀಲಿಯಾಗಿ ಒದಗಿದೆ. ‘ನಾನು ಅವನಲ್ಲ ಅವಳು’ ಎಂಬ ಹೆಸರಿನಲ್ಲಿರುವ ಬೇಗೆಯೆಲ್ಲ ಏಕವಚನದ ಬೇಗೆ. ಏಕವಚನದಲ್ಲೇ ಕರೆಯಿಸಿಕೊಂಡು ಬಾಳಿದವರು ಅದೇ ಏಕವಚನದಲ್ಲಿ ಕೊಟ್ಟ ಉತ್ತರ ಅದು. ರೋಗಿಗಳನ್ನೆಲ್ಲ ಬಹುವಚನದಲ್ಲಿ ಕರೆಯುವ ಅಭ್ಯಾಸ ನಮ್ಮ ಆಸ್ಪತ್ರೆಗಳಲ್ಲಿ ಬೇರೂರಿದ್ದರೆ ಚೀಟಿಯ ಕಿಟಕಿಯ ಅರ್ಧ ಕಷ್ಟ ಕಳೆಯುತ್ತಿತ್ತು. ಬಡ ಒಕ್ಕಲಿಗನಿಗೂ, ಕೂಲಿಯ ಮುದುಕಿಗೂ, ಜೋಗತಿಗೂ ಒಟ್ಟಿಗೇ ಕಳೆಯುತ್ತಿತ್ತು.

ಉಳಿದರ್ಧ ಕಷ್ಟಕ್ಕೆ ಮರ್ಯಾದೆಯೊಂದೇ ಸಾಲದು, ಏರ್ಪಾಡು ಬೇಕು. ಏರ್ಪಾಡು ಮಾಡುವ ಶಕ್ತಿ ಸರ್ಕಾರಕ್ಕಿಲ್ಲವೆಂದು ಸೊರಬದವರು ಒಪ್ಪಲಾರರು. ೧೯೫೭ರಲ್ಲಿ ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನ ಜ್ವರದಿಂದ ಮಲಗಿದಾಗ, ಪುಣೆಯ ವಿಷಾಣು ಸಂಶೋಧನ ಕೇಂದ್ರದವರು ಆ ಕಾಡ ನಡುವೆ ಬಂದು, ಸತ್ತ ಮಂಗಗಳನ್ನೂ ಉಣುಗುಗಳನ್ನೂ ಸಂಗ್ರಹಿಸಿ, ರೋಗದ ಮೂಲವನ್ನು ಹಿಡಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಹಳ್ಳಿಯ ಹೆಸರು ಇಂದಿಗೂ ರೋಗದ ಹೆಸರಾಗಿ ನಿಂತಿದೆ. ಮಂಗನ ಕಾಯಿಲೆಯ ಕಾಲ ಬಂತೆಂದರೆ ಆರೋಗ್ಯದ ಕಾರ್ಯಕರ್ತರು ಕಾಡಂಚಿನ ಮನೆಗಳಿಗೆ ಎಚ್ಚರಿಕೆ ಹೇಳಿ ಬರುವರು. ಒಂದು ಉಣುಗನ್ನು ಹುಡುಕಿ ಕಾಡು ಹೊಕ್ಕ ಏರ್ಪಾಡಿಗೆ ಒಬ್ಬ ಮನುಷ್ಯರನ್ನು ಕಾಣಲು ತನ್ನ ಕಿಟಕಿಯಿಂದ ತಲೆಯೆತ್ತುವುದು ಅಸಾಧ್ಯವಲ್ಲ. ಚೀಟಿಯಲ್ಲಿ ಕರೆಯುವ ಹೆಸರಿಗೊಂದು ಸಾಲು, ವಾರ್ಡಿನಲ್ಲಿ ಪರದೆಯೊಂದು, ಸಹಿಗೆ ರೋಗಿಯೇ ಹೆಸರಿಸಿದ ಆಪ್ತರು, ಕಿಟಕಿಯಲ್ಲಿ ಕುಳಿತವರಿಗೆ ಒಂದೆರಡು ದಿನದ ತರಬೇತಿ, ಇವಕ್ಕೆ ಕಟ್ಟಡ ಬೇಡ, ಕೋಟಿ ಹಣ ಬೇಡ.

ಅದೇ ಸೊರಬದ ಚಂದ್ರಗುತ್ತಿಯಲ್ಲಿ ಗುತ್ಯಮ್ಮನೆಂದು ಜನ ಕರೆಯುವ ರೇಣುಕಾಂಬೆಯ ಗುಹಾಲಯವಿದೆ. ರೇಣುಕೆ ಎಲ್ಲಮ್ಮರ ಭಕ್ತಿಯ ಹಾದಿಯೇ ಜೋಗಪ್ಪ ಜೋಗತಿಯರಿಗೆ ಕನ್ನಡನಾಡು ಕೊಟ್ಟ ಸ್ಥಾನ. ಮಂಜಮ್ಮನವರ ಆತ್ಮವೃತ್ತದಲ್ಲಿ ಹೆಚ್ಚು ಬೆಳಕಾಗಿರುವ ಪುಟಗಳು ಆ ಹಾದಿಯ ಹಾಡು ಕುಣಿತಗಳವು. ತಲೆಯ ಮೇಲೆ ಕೊಡ ಹೊತ್ತು ಕುಣಿದಾಗ ಅಡ್ಡಬಿದ್ದ ಜನ, ಅದೇ ದೇಹಕ್ಕೆ ಕಾಯಿಲೆ ಬಂದಾಗ ಪಕ್ಕದ ಹಾಸಿಗೆಯನ್ನು ಬಿಟ್ಟೇಳುವುದು ಏತರ ಭಕ್ತಿ? ಹರಕೆ ಹೊತ್ತವರಿಗೆ ಬೇಕಾದದ್ದು ಅವರ ಆಶೀರ್ವಾದ. ಅವರಿಗೆ ಬೇಕಾದದ್ದು ಜ್ವರದ ಗುಳಿಗೆ. ಪಡೆಯುವಾಗ ಕೈಮುಗಿದವರು ಕೊಡುವಾಗ ಮುಖ ತಿರುಗಿಸುವುದು ಸಾಲ ತೀರಿಸದವರ ನಡತೆ.

ಈ ವಿಷಯದಲ್ಲಿ ಕನ್ನಡ ಸಾಹಿತ್ಯಕ್ಕೆ ಬರಬೇಕಾದ ಮುಂದಿನ ಗ್ರಂಥ ಯಾವುದೆಂದು ವಿಮರ್ಶೆಯು ಸೂಚಿಸಬಹುದಾದರೆ, ಅದು ಇನ್ನೊಂದು ಶಸ್ತ್ರಚಿಕಿತ್ಸೆಯ ಕಥೆಯಲ್ಲ. ವಯಸ್ಸಾದ ಒಬ್ಬ ಜೋಗತಿ ಸಕ್ಕರೆ ಕಾಯಿಲೆಯ ಗುಳಿಗೆಗಾಗಿ ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಹೋಗಿಬರುವ ಕಥೆ. ಹೆಣ್ಣೆಂದು ಬರೆಸಲ್ಪಟ್ಟು ಗಂಡಾಗಿ ಬಾಳುವ ಒಬ್ಬ ಮೇಷ್ಟರು ಹೊಟ್ಟೆನೋವಿಗೆ ಯಾವ ಕೋಣೆಯ ಮುಂದೆ ಕೂರಬೇಕೆಂದು ತಿಳಿಯದೆ ಮರಳಿದ ಕಥೆ. ಅದರಲ್ಲಿ ಓದುಗನ ಕುತೂಹಲಕ್ಕೆ ಆಹಾರ ಕಡಮೆ. ಅದಕ್ಕೇ ಅದು ಬೇಕು. ಮಾತ್ರೆ ಇಸಿದುಕೊಂಡು ಬಸ್ಸಿಗೆ ನಡೆದುಬಿಡುವ ಅಷ್ಟು ಸಪ್ಪೆಯಾದ ಒಂದು ಮಧ್ಯಾಹ್ನವನ್ನು ಅಂತಹ ಲೇಖಕರು ಸತ್ಯವಾಗಿ ಬರೆಯುವ ದಿನ ಬಂದರೆ, ಆಸ್ಪತ್ರೆ ಅಷ್ಟರಮಟ್ಟಿಗೆ ಬದಲಾಗಿದೆಯೆಂದು ಅರ್ಥ.

ಅಲ್ಲಿಯವರೆಗೆ ಈ ಮೂರು ಗ್ರಂಥಗಳನ್ನು ಮನೆಮನೆಗಳಲ್ಲಿ ಓದಬೇಕು. ಕರುಣೆಗಾಗಿ ಅಲ್ಲ, ತಮ್ಮ ಊರಿನ ಚೀಟಿಯ ಸಾಲಿನಲ್ಲಿ ತಾವು ನಿಂತಾಗ ಮುಂದಿನವರನ್ನು ತಿರುಗಿ ತಿರುಗಿ ನೋಡದಿರುವುದಕ್ಕಾಗಿ. ಬಳ್ಳಿಗಾವಿಗೆ ಹೋದವರು ಕೇದಾರೇಶ್ವರನ ಕಲ್ಲಿನ ಕೆಲಸವನ್ನು ನೋಡಿ ಮೆಚ್ಚಿ ಬರುತ್ತಾರೆ. ಮದ್ದು ಮತ್ತು ಅಭಯವನ್ನು ಒಂದೇ ಉಸಿರಿನಲ್ಲಿ ಹೇಳಿದ ಶಾಸನ ಆ ಊರಿನದೆಂಬುದನ್ನೂ ನೆನೆದು ಬಂದರೆ ಯಾತ್ರೆ ಸಾರ್ಥಕ. ಎಂಟುನೂರ ಅರವತ್ತು ವರ್ಷಗಳ ಹಿಂದೆ ಕಲ್ಲಿನಲ್ಲಿ ಕೊರೆದ ಮಾತನ್ನು ಇಂದು ಕಾಗದದ ಚೀಟಿಯ ಮೇಲೆ ಬರೆಯುವುದು ಕಷ್ಟವಾಗಬಾರದು.